ಪಾಪುವಿಗೆ ಆಹಾರದ ಅಲರ್ಜಿ: ಆಸ್ಪತ್ರೆಯ ಮೊದಲ ಭೇಟಿಗೆ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆಯ ತಾಯಿ ತಂದೆಯರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇವೆ. ಇವು ಮುಖ್ಯವಾಗಿ ಒಂದೂವರೆ ವರ್ಷದೊಳಗಿನ ಕೂಸುಗಳಿಗೆ ಸಂಬಂಧಿಸಿದವು. ಅಲರ್ಜಿ ಪತ್ತೆ ಹಚ್ಚುವುದರಲ್ಲಿ ರಕ್ತದ ರಿಪೋರ್ಟಿಗಿಂತ ಹೆಚ್ಚು ತೂಕ ಇರುವುದು ನೀವು ಮನೆಯಲ್ಲಿ ಬರೆದಿಟ್ಟ ಒಂದು ಪುಟಕ್ಕೆ. ಅದಕ್ಕೇ ಇಲ್ಲಿ ಪರೀಕ್ಷೆಗಳಿಗಿಂತ ಸಿದ್ಧತೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

## ಮೊದಲಿಗೆ

"ಮೊಟ್ಟೆ ತಿನ್ನಿಸಿ ಹತ್ತು ನಿಮಿಷಕ್ಕೆ ಮೈತುಂಬ ಗಂಧೆ ಎದ್ದವು, ಒಂದು ಗಂಟೇಲಿ ಇಳಿದ್ವು. ಇದು ಅಲರ್ಜೀನೇ ಹೌದಾ?"

ಹಾಗೆಂದು ಬಲವಾಗಿ ಅನುಮಾನಿಸಬೇಕು. ಆಹಾರದ ಅಲರ್ಜಿಯಲ್ಲಿ ಎರಡು ಬಗೆ. ಒಂದು ಬೇಗ ಬರುವುದು: ತಿಂದ ಕೆಲವೇ ನಿಮಿಷದಿಂದ 2 ಗಂಟೆಯೊಳಗೆ ಗಂಧೆ, ತುಟಿ ಅಥವಾ ಕಣ್ಣಿನ ಸುತ್ತ ಊತ, ವಾಂತಿ, ಕೆಮ್ಮು, ಉಬ್ಬಸ. ಇದರಲ್ಲಿ ಐಜಿಇ ಎಂಬ ಪ್ರತಿಕಾಯದ ಕೈವಾಡ ಇರುತ್ತದೆ. ಚರ್ಮದ ಪರೀಕ್ಷೆ, ರಕ್ತಪರೀಕ್ಷೆಗಳು ಹುಡುಕುವುದು ಇದನ್ನೇ. ಇನ್ನೊಂದು ತಡವಾಗಿ ಬರುವುದು: ಕೆಲವು ಗಂಟೆಗಳಿಂದ ಎರಡು ಮೂರು ದಿನದ ಮೇಲೆ ಮಲದಲ್ಲಿ ಲೋಳೆ ಅಥವಾ ರಕ್ತದ ಎಳೆ, ನಿಲ್ಲದ ವಾಂತಿ ಭೇದಿ, ತೂಕ ಏರದಿರುವುದು. ಇದಕ್ಕೆ ಆ ಪರೀಕ್ಷೆಗಳು ಉತ್ತರ ಕೊಡುವುದಿಲ್ಲ. ಆದ್ದರಿಂದ ಡಾಕ್ಟರು ಕೇಳುವ ಮೊದಲ ಪ್ರಶ್ನೆ "ತಿಂದು ಎಷ್ಟು ಹೊತ್ತಿಗೆ?" ಎಂಬುದೇ ಆಗಿರುತ್ತದೆ.

"ಅಪಾಯಿಂಟ್‌ಮೆಂಟ್ ಇನ್ನೂ ಮೂರು ವಾರ ಇದೆ. ಅಷ್ಟರಲ್ಲಿ ಮತ್ತೆ ಬಂದ್ರೆ ಏನ್ ಮಾಡೋದು?"

ಬರೀ ನಾಲ್ಕಾರು ಗಂಧೆ ಎದ್ದು ಪಾಪು ಆಡಿಕೊಂಡಿದ್ದರೆ, ಡಾಕ್ಟರು ಮೊದಲೇ ಬರೆದುಕೊಟ್ಟ ಅಲರ್ಜಿ ಸಿರಪ್ಪನ್ನು ಅವರು ಹೇಳಿದ ಅಳತೆಯಲ್ಲಿ ಕೊಟ್ಟು, ಕನಿಷ್ಠ 2 ಗಂಟೆ ಕಣ್ಣಿಟ್ಟು ನೋಡಿ. ಆದರೆ ಉಸಿರಾಡುವಾಗ ಸುಯ್ ಸುಯ್ ಸದ್ದು, ಬಿಡದ ಕೆಮ್ಮು, ಅಳುವಿನ ದನಿ ಒಡೆಯುವುದು, ನಾಲಿಗೆ ಊದುವುದು, ಮೈ ಬಿಳಿಚಿ ಕೈಕಾಲು ಸೋಲುವುದು, ಎಬ್ಬಿಸಿದರೂ ಏಳದಂಥ ಮಂಪರು, ಗಂಧೆಯ ಜೊತೆ ಮೇಲಿಂದ ಮೇಲೆ ವಾಂತಿ, ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಕಾಯಬೇಡಿ. 108ಕ್ಕೆ ಕರೆ ಮಾಡಿ. ಅಂಬುಲೆನ್ಸ್ ಬರಲು ಹೊತ್ತು ಹಿಡಿಯುವ ಊರಾದರೆ ಸಿಕ್ಕ ವಾಹನದಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೊರಟು, ದಾರಿಯಲ್ಲೇ ಅವರಿಗೆ ವಿಷಯ ತಿಳಿಸಿ. ದೂರದ ದೊಡ್ಡ ಆಸ್ಪತ್ರೆಯೇ ಬೇಕೆಂದು ಹತ್ತಿರದ್ದನ್ನು ದಾಟಿ ಹೋಗಬೇಡಿ. ಆಗ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್.

ಮಗುವನ್ನು ಮಲಗಿಸಿಯೇ ಕರೆದೊಯ್ಯಿರಿ. ವಾಂತಿ ಬರುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು ಓಡಾಡಿದರೆ ರಕ್ತದ ಒತ್ತಡ ಇನ್ನೂ ಕುಸಿಯಬಹುದು. ಮಲಗಿಸಿದರೆ ಉಸಿರಾಟ ಕಷ್ಟವಾಗುತ್ತದೆ ಎಂದಾದರೆ ಮಾತ್ರ ತೊಡೆಯ ಮೇಲೆ ಒರಗಿಸಿ ಕೂರಿಸಿಕೊಳ್ಳಿ.

"ಕೆಸುವಿನ ಸಾರು ತಾಗಿ ಬಾಯಿ ಉರಿದು ಅತ್ತಿತು. ಅತ್ತ ಗೇರುಬೀಜ ಸುಲಿದ ಕೈಯಲ್ಲಿ ಮುಟ್ಟಿದ್ದಕ್ಕೆ ಕೆನ್ನೆ ಸುಟ್ಟ ಹಾಗಾಯ್ತು. ಎಲ್ಲಾ ಅಲರ್ಜೀನಾ?"

ಎರಡೂ ಆಹಾರದ ಅಲರ್ಜಿಯಲ್ಲ. ಕೆಸು, ಸುವರ್ಣಗಡ್ಡೆಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಸರಿಯಾಗಿ ಬೇಯದಿದ್ದರೆ, ಹುಳಿ ಸಾಲದಿದ್ದರೆ ಅವು ಯಾರ ಬಾಯಿಯನ್ನಾದರೂ ಚುಚ್ಚುತ್ತವೆ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಮತ್ತು ಮಾವಿನ ಸೊನೆ ಚರ್ಮವನ್ನು ಸುಡುತ್ತವೆ, ಬೊಬ್ಬೆ ಬರಿಸುತ್ತವೆ. ಇದರಿಂದ ಒಳಗಿನ ಗೋಡಂಬಿ ತಿಂದರೆ ಆಗದು ಎಂದು ತೀರ್ಮಾನಿಸಲಾಗದು. ಹಾಗೆಯೇ ಟೊಮೆಟೊ, ಕಿತ್ತಳೆ ತಾಗಿದ ಕಡೆ ಮಾತ್ರ ಬಾಯಿ ಸುತ್ತ ಕೆಂಪಾಗಿ ಅರ್ಧ ಗಂಟೆಯಲ್ಲಿ ಮಾಸಿದರೆ ಅದು ಹೆಚ್ಚಾಗಿ ಹುಳಿಯ ಕಿರಿಕಿರಿ. ಮಳೆಗಾಲದಲ್ಲಿ ನೊರಜು, ಉಣುಗು ಕಚ್ಚಿದ ದದ್ದುಗಳು, ಸರಿಯಾಗಿ ಒಣಗದ ಬಟ್ಟೆ ತೊಡಿಸಿ ಬರುವ ತೊಡೆಸಂದಿಯ ಫಂಗಸ್ ಕೂಡ ಊಟದ ಲೆಕ್ಕಕ್ಕೆ ಸೇರಿಬಿಡುತ್ತವೆ. ಆಹಾರದ ಗಂಧೆ ಒಂದು ಕಡೆ ಎದ್ದು ಇನ್ನೊಂದು ಕಡೆ ಮಾಸುತ್ತಾ ಜಾಗ ಬದಲಿಸುತ್ತದೆ. ಹುಳ ಕಚ್ಚಿದ್ದು ಇದ್ದಲ್ಲೇ ದಿನಗಟ್ಟಲೆ ಉಳಿಯುತ್ತದೆ.

"ಬಂಗುಡೆ ಸಾರು ಉಂಡ ರಾತ್ರಿ ಪಾಪುಗೂ ಕೆಂಪಾಯ್ತು, ನಮ್ಮನೆಯವರಿಗೂ ಮುಖ ಕೆಂಪಾಗಿ ತಲೆನೋವು ಬಂತು."

ಒಟ್ಟಿಗೆ ಉಂಡವರಿಗೆಲ್ಲ ಬಂದಿದ್ದರೆ ಮೀನು ಕೆಟ್ಟಿರುವ ಸಾಧ್ಯತೆ ಹೆಚ್ಚು. ಬಂಗುಡೆ, ಭೂತಾಯಿಯಂಥ ಮೀನುಗಳು ಸಾಕಷ್ಟು ಐಸ್ ಇಲ್ಲದೆ ಘಾಟಿ ಹತ್ತಿ ಬರುವಷ್ಟರಲ್ಲಿ ಅವುಗಳಲ್ಲಿ ಹಿಸ್ಟಮೈನ್ ಕೂಡುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ. ನೋಡಲು ಅಲರ್ಜಿಯ ಹಾಗೇ ಕಾಣುತ್ತದೆ. ಯಾರು ಯಾರು ಉಂಡಿರಿ, ಯಾರಿಗೆ ಏನಾಯಿತು ಎಂದು ಬರೆದುಕೊಂಡು ಹೋಗಿ.

"ಮೆಗ್ಗಾನ್‌ಗೆ ಹೋಗ್ಬೇಕಾ, ಮಣಿಪಾಲಕ್ಕಾ, ಬೆಂಗಳೂರಿಗಾ?"

ಮೊದಲು ಹತ್ತಿರದ ಮಕ್ಕಳ ತಜ್ಞರು. ತಾಲ್ಲೂಕು ಆಸ್ಪತ್ರೆಯಲ್ಲಾದರೂ ಸರಿ, ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಾದರೂ ಸರಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ, ಎಷ್ಟೋ ಮಕ್ಕಳಿಗೆ ಮುಂದಿನ ಪರೀಕ್ಷೆಯೇ ಬೇಕಾಗುವುದಿಲ್ಲ. ತೀವ್ರ ಪ್ರತಿಕ್ರಿಯೆ, ಎರಡು ಮೂರು ಆಹಾರಗಳ ಮೇಲೆ ಅನುಮಾನ, ಹತೋಟಿಗೆ ಬಾರದ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ಕಾಯಿಲೆ), ತೂಕ ನಿಂತಿರುವುದು, ಇಂಥವು ಇದ್ದರೆ ಅವರೇ ಪತ್ರ ಕೊಟ್ಟು ಮಣಿಪಾಲಕ್ಕೋ ಬೆಂಗಳೂರಿಗೋ ಕಳಿಸುತ್ತಾರೆ. ಹೊರಡುವ ಮೊದಲು ಫೋನ್ ಮಾಡಿ ನಾಲ್ಕು ಸಂಗತಿ ಕೇಳಿ: ಒಂದು ವರ್ಷದೊಳಗಿನ ಮಕ್ಕಳಿಗೆ ಚರ್ಮದ ಪರೀಕ್ಷೆ ಮಾಡುತ್ತೀರಾ, ಯಾವ ವಾರ ಮಾಡುತ್ತೀರಿ, ಯಾವ ಔಷಧಿ ಎಷ್ಟು ದಿನ ನಿಲ್ಲಿಸಬೇಕು, ಖರ್ಚು ಎಷ್ಟಾಗುತ್ತದೆ. ಇದನ್ನು ಕೇಳದೆ ಘಾಟಿ ಇಳಿದವರು ಬರೀ ಮಾತಾಡಿಕೊಂಡು ಮರಳಬೇಕಾಗುತ್ತದೆ.

## ಹೋಗುವ ಮುಂಚಿನ ದಿನಗಳು

"ಡಾಕ್ಟ್ರು ಏನೇನ್ ಕೇಳ್ತಾರೆ? ಏನು ಬರ್ಕೊಂಡು ಹೋಗ್ಲಿ?"

ಓಪಿ ಕೋಣೆಯಲ್ಲಿ ನಿಮಗೆ ಸಿಗುವುದು ಹತ್ತು ಹದಿನೈದು ನಿಮಿಷ. ಕೂಸು ಅಳುತ್ತಿರುತ್ತದೆ, ನೆನಪು ಕೈಕೊಡುತ್ತದೆ. ಅದಕ್ಕೆ ಪ್ರತಿ ಸಲದ ಪ್ರತಿಕ್ರಿಯೆಗೂ ಒಂದೊಂದು ಪುಟ ಇಡಿ. ಒಂದು ಪುಟ ಹೀಗಿದ್ದರೆ ಚೆನ್ನ:

"ಮಂಗಳವಾರ. ಪಾಪುಗೆ 8 ತಿಂಗಳು, ಆರೋಗ್ಯವಾಗಿತ್ತು, ಜ್ವರ ಇಲ್ಲ. ಬೆಳಿಗ್ಗೆ 9.10ಕ್ಕೆ ಬೇಯಿಸಿದ ಮೊಟ್ಟೆಯ ಬಿಳಿಭಾಗ, ಕಾಲು ಚಮಚ, ಎರಡನೇ ಸಲ ಕೊಟ್ಟಿದ್ದು. ಮೊದಲ ಸಲ ಹಳದಿ ಮಾತ್ರ, ಏನೂ ಆಗಲಿಲ್ಲ. ಅದರ ಜೊತೆ ಅನ್ನ, ತುಪ್ಪ. 9.20ಕ್ಕೆ ಗಲ್ಲದಲ್ಲಿ ಗಂಧೆ, 9.30ಕ್ಕೆ ಹೊಟ್ಟೆ ಬೆನ್ನಿಗೆ. ಒಂದು ಸಲ ವಾಂತಿ. ಕೆಮ್ಮಿಲ್ಲ. ಸಿರಪ್ ಕೊಟ್ಟಿದ್ದು 9.40. ಪೂರ್ತಿ ಇಳಿದಿದ್ದು 11 ಗಂಟೆ. ಆಮೇಲೆ ಮೊಟ್ಟೆ ಕೊಟ್ಟಿಲ್ಲ."

ಇದರಲ್ಲಿ ಪ್ರತಿ ಮಾತಿಗೂ ಕೆಲಸವಿದೆ. "ಮೊಟ್ಟೆ" ಎಂದಷ್ಟೇ ಬರೆದರೆ ಸಾಲದು, ಪೂರ್ತಿ ಬೆಂದಿತ್ತೋ, ಅರ್ಧ ಬೆಂದ ಆಮ್ಲೆಟ್ಟೋ, ಕೇಕಿನೊಳಗಿತ್ತೋ ಬೇಕು. ಹೆಚ್ಚು ಹೊತ್ತಿನ ಶಾಖ ಮೊಟ್ಟೆ ಮತ್ತು ಹಾಲಿನ ಕೆಲವು ಪ್ರೋಟೀನುಗಳ ರೂಪ ಕೆಡಿಸುವುದರಿಂದ, ಬೇಯಿಸಿದ ಮೊಟ್ಟೆ ಆಗದ ಮಗು ಕೇಕು ತಿಂದು ಸುಮ್ಮನಿರುವುದುಂಟು. ಅಳತೆಗೆ ಸಿರಪ್ ಬಾಟಲಿಯ ಜೊತೆ ಬರುವ 5 ಮಿಲಿ ಮುಚ್ಚಳ ಬಳಸಿ. ಒಳಲೆಯಲ್ಲಿ ಕುಡಿಸುವುದಾದರೆ ಆ ಒಳಲೆಗೆ ಎಷ್ಟು ಮಿಲಿ ಹಿಡಿಯುತ್ತದೆ ಎಂದು ಒಮ್ಮೆ ಅಳೆದಿಡಿ.

ತೊಂದರೆ ಕೊಡದ ಆಹಾರಗಳ ಪಟ್ಟಿಯೂ ಅಷ್ಟೇ ಮುಖ್ಯ, ಅದನ್ನು ಬರೆಯುವವರು ಮಾತ್ರ ಕಡಿಮೆ. ಅಕ್ಕಿ, ರಾಗಿ, ಹೆಸರುಬೇಳೆ, ಗೋಧಿ, ಬಾಳೆಹಣ್ಣು, ಮೊಸರು, ಹೀಗೆ ಎರಡು ಮೂರು ಸಲ ಸರಾಗವಾಗಿ ತಿಂದಿದ್ದೆಲ್ಲ ಆ ಪಟ್ಟಿಗೆ ಬರಲಿ. ಅದು ಇದ್ದರೆ ಬೇಡದ ಪರೀಕ್ಷೆಗಳು ತಪ್ಪುತ್ತವೆ. ಕೊನೆಯಲ್ಲಿ ಮನೆಯವರ ವಿಷಯ: ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಅಸ್ತಮಾ, ಎಕ್ಸಿಮಾ, ಬೆಳಗಿನ ಸೀನು, ಆಹಾರದ ಅಲರ್ಜಿ ಇದೆಯೇ. ದೊಡ್ಡಪ್ಪ ಚಿಕ್ಕಪ್ಪಂದಿರವರೆಗೆ ಹೋಗಬೇಕಿಲ್ಲ.

"ಗಂಧೆ ಆಸ್ಪತ್ರೆ ಮುಟ್ಟೋದ್ರೊಳಗೆ ಹೋಗಿಬಿಡುತ್ತೆ. ಫೋಟೊ ಸಾಕಾ?"

ಸಾಕು, ಬೇಕೇ ಬೇಕು. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಒಂದು ದೂರದಿಂದ ಒಂದು ಹತ್ತಿರದಿಂದ ತೆಗೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದರೆ ಗಾತ್ರ ತಿಳಿಯುತ್ತದೆ. ಉಸಿರಾಟದ ತೊಂದರೆ ಇದ್ದರೆ ಅಂಗಿ ತೆಗೆದು, ಎದೆ ಹೊಟ್ಟೆ ಕಾಣುವಂತೆ ಅರ್ಧ ನಿಮಿಷದ ವಿಡಿಯೋ, ಅದೂ ಆಸ್ಪತ್ರೆಗೆ ಹೊರಟ ವಾಹನದಲ್ಲೇ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ತೆಗೆದ ಸಮಯ ಉಳಿಯದು, ಮೂಲ ಫೋಟೊವನ್ನೇ ಇಟ್ಟುಕೊಳ್ಳಿ.

ಗಂಧೆಗೆ ಪುನರ್ಪುಳಿ ಹಚ್ಚುವ ರೂಢಿ ನಮ್ಮ ಕಡೆ ಇದೆ. ಅದರ ಕೆಂಪು ಕೂತರೆ ಅಡಿಯ ದದ್ದು ಹಬ್ಬುತ್ತಿದೆಯೋ ಇಳಿಯುತ್ತಿದೆಯೋ ಯಾರಿಗೂ ತಿಳಿಯದು. ಎದ್ದ ಗಂಧೆಯ ಮೇಲೆ ಏನನ್ನೂ ಹಚ್ಚಬೇಡಿ.

"ನಾವು ಎದೆಹಾಲು, ರಾಗಿ ಮಣ್ಣಿ ಬಿಟ್ರೆ ಏನೂ ಕೊಟ್ಟೇ ಇಲ್ಲ. ಆದ್ರೂ ಹೇಗೆ ಬಂತು?"

ಈ ಉತ್ತರ ಕೊಡುವ ಮುಂಚೆ ಅಜ್ಜಿಯನ್ನು, ಎಣ್ಣೆ ನೀರು ಹಾಕಲು ಬರುವವರನ್ನು ಕೇಳಿ. ಬಜೆ, ಜಾಯಿಕಾಯಿ, ಅಳಲೆಕಾಯಿಯ ಜೊತೆ ಬಾದಾಮಿಯನ್ನೂ ತೇದು ನೆಕ್ಕಿಸುವ ಮನೆಗಳು ಬಹಳ. ಅದನ್ನು ಯಾರೂ "ಊಟ" ಎಂದು ಎಣಿಸುವುದಿಲ್ಲ. ಒಂದೇ ತೇಯುವ ಕಲ್ಲಿನಲ್ಲಿ ಎಲ್ಲವೂ ಬೆರೆಯುತ್ತವೆ. ಮೈಗೆ ತಿಕ್ಕುವ ಎಣ್ಣೆಯೂ ಲೆಕ್ಕಕ್ಕೆ ಬರುತ್ತದೆ: ಗಾಣದಲ್ಲಿ ತೆಗೆದ ಕಡಲೆಕಾಯಿ, ಎಳ್ಳು, ಬಾದಾಮಿ ಎಣ್ಣೆಯಲ್ಲಿ ಬೀಜದ ಪ್ರೋಟೀನ್ ಉಳಿದಿರುತ್ತದೆ. ಎಕ್ಸಿಮಾದಿಂದ ಒಡೆದ ಚರ್ಮದ ಮೂಲಕ ಅದು ಒಳಹೋದರೆ, ಬಾಯಿಗೆ ಬೀಳುವ ಮೊದಲೇ ದೇಹ ಅದನ್ನು ಶತ್ರು ಎಂದು ಗುರುತಿಸಿಕೊಳ್ಳಬಹುದು. ಬಾಣಂತಿಯ ಲೇಹ್ಯದ ಸಾಮಾನು, ನೆಂಟರು ಬೆರಳಲ್ಲಿ ನೆಕ್ಕಿಸಿದ ಪಾಯಸ, ಡಬ್ಬಿಯ ಸಿರಿಯಲ್ಲಿನಲ್ಲಿರುವ ಹಾಲಿನ ಪುಡಿ, ಎಲ್ಲವನ್ನೂ ಬರೆಯಿರಿ. ಅಜ್ಜಿಯ ಮೇಲೆ ತಪ್ಪು ಹೊರಿಸುವ ಧಾಟಿಯಲ್ಲಿ ಕೇಳಿದರೆ ನಿಜ ಹೊರಬರುವುದಿಲ್ಲ. "ಡಾಕ್ಟ್ರು ಪಟ್ಟಿ ಕೇಳಿದಾರೆ ಅಮ್ಮ, ನೆನಪು ಮಾಡಿ" ಎಂದರೆ ಬರುತ್ತದೆ.

ಜೇನುತುಪ್ಪದಲ್ಲಿ ತೇದು ಕೊಡುತ್ತಿದ್ದರೆ ಅದನ್ನು ಈಗಲೇ ನಿಲ್ಲಿಸಿ. ಇದು ಅಲರ್ಜಿಯ ಮಾತಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು, ಕಾಡಿನ ಶುದ್ಧ ಜೇನಾದರೂ ಸರಿಯೇ.

"ಯಾವ ಔಷಧಿ ನಿಲ್ಲಿಸ್ಬೇಕು, ಯಾವುದು ನಿಲ್ಲಿಸಬಾರ್ದು?"

ಚರ್ಮದ ಚುಚ್ಚು ಪರೀಕ್ಷೆ ಇದ್ದರೆ ಸಿಟ್ರಿಜಿನ್‌ನಂಥ ಅಲರ್ಜಿ ಸಿರಪ್ಪುಗಳನ್ನು ಸಾಮಾನ್ಯವಾಗಿ 5ರಿಂದ 7 ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ. ನಿಮ್ಮ ಆಸ್ಪತ್ರೆ ಹೇಳಿದ ಲೆಕ್ಕವೇ ಅಂತಿಮ. ಎಡವಟ್ಟಾಗುವುದು ನೆಗಡಿ ಕೆಮ್ಮಿನ ಸಿರಪ್ಪಿನಲ್ಲಿ: ಅವುಗಳಲ್ಲಿ ಕ್ಲೋರ್‌ಫೆನಿರಮಿನ್ ಎಂಬ ಅಲರ್ಜಿ ಔಷಧಿ ಬೆರೆತಿರುವುದು ಸಾಮಾನ್ಯ. ಹಿಂದಿನ ದಿನ ಅದನ್ನು ಕೊಟ್ಟಿದ್ದರೆ ಚರ್ಮ ಪ್ರತಿಕ್ರಿಯೆ ತೋರದೆ ಪರೀಕ್ಷೆಯೇ ದಂಡ. ಬಾಟಲಿ, ಬಿಲ್ಲು ಎರಡನ್ನೂ ಒಯ್ಯಿರಿ. ರಕ್ತಪರೀಕ್ಷೆಗೆ ಏನನ್ನೂ ನಿಲ್ಲಿಸಬೇಕಿಲ್ಲ.

ಉಬ್ಬಸಕ್ಕೆ ಕೊಡುವ ಇನ್‌ಹೇಲರ್, ನೆಬ್ಯುಲೈಸರ್ ಔಷಧಿಗಳನ್ನು ನೀವಾಗಿ ನಿಲ್ಲಿಸಲೇಬಾರದು. ಎಕ್ಸಿಮಾ ಮುಲಾಮು ಮುಂದುವರಿಸಿ, ಪರೀಕ್ಷೆ ಮಾಡುವ ಮುಂಗೈ ಅಥವಾ ಬೆನ್ನಿಗೆ ಮಾತ್ರ ಎಂದಿನಿಂದ ಹಚ್ಚಬಾರದು ಎಂದು ಕೇಳಿಕೊಳ್ಳಿ. ಸಿರಪ್ ನಿಲ್ಲಿಸಿದ ದಿನಗಳಲ್ಲಿ ಗಂಧೆ ಎದ್ದರೆ ಸಿರಪ್ ಕೊಟ್ಟುಬಿಡಿ, ಪರೀಕ್ಷೆಯ ದಿನ ಮುಂದೆ ಹಾಕಿಸಿಕೊಂಡರಾಯಿತು. ಇನ್ನು, ನಿದ್ದೆ ಬರಿಸುವ ಪ್ರೊಮೆಥಜಿನ್ ಸಿರಪ್ಪನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಅದು ಉಸಿರಾಟವನ್ನೇ ಕುಗ್ಗಿಸಬಹುದು.

"ಅಲ್ಲಿವರೆಗೆ ಹೊಸದೇನೂ ಕೊಡದೇ ಇರೋದೇ ಒಳ್ಳೇದಲ್ವಾ?"

ಅಲ್ಲ. ಅನುಮಾನ ಬಂದ ಆಹಾರವನ್ನು ಮಾತ್ರ ಪೂರ್ತಿ ಬಿಡಿ, "ಒಂದು ಚೂರು ಕೊಟ್ಟು ನೋಡೋಣ" ಎಂಬ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿ. ಈಗಾಗಲೇ ತಿಂದು ಅರಗಿಸಿಕೊಂಡಿರುವುದನ್ನು ನಿಲ್ಲಿಸಬೇಡಿ. ಹೆದರಿಕೆಯಿಂದ ಎಲ್ಲವನ್ನೂ ತಡ ಮಾಡಿದರೆ ಅಲರ್ಜಿ ತಪ್ಪುವುದಿಲ್ಲ, ಕೆಲವೊಮ್ಮೆ ಹೆಚ್ಚುತ್ತದೆ. ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ 4ರಿಂದ 11 ತಿಂಗಳಿನ, ತೀವ್ರ ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಮಕ್ಕಳಲ್ಲಿ ಅರ್ಧ ಜನಕ್ಕೆ ಕಡಲೆಕಾಯಿ ಕೊಟ್ಟು, ಅರ್ಧ ಜನಕ್ಕೆ ಬಿಡಿಸಿ ನೋಡಿದರು. 5 ವರ್ಷಕ್ಕೆ ಬರುವಾಗ, ತಿಂದವರಲ್ಲಿ ಕಡಲೆಕಾಯಿ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆ ಇತ್ತು.

ಹೊಸ ಆಹಾರ ಒಂದು ಸಲಕ್ಕೆ ಒಂದೇ. ಜ್ವರ ನೆಗಡಿ ಇಲ್ಲದ ದಿನ, ಬೆಳಗಿನ ಹೊತ್ತು, ಚಮಚದ ತುದಿಯಷ್ಟು. ಹತ್ತು ಹದಿನೈದು ನಿಮಿಷ ನೋಡಿ ಉಳಿದದ್ದು. ಸಂಜೆ ಕೊಟ್ಟರೆ ಪ್ರತಿಕ್ರಿಯೆ ಕತ್ತಲಲ್ಲಿ, ವಾಹನ ಸಿಗದ ಹೊತ್ತಿಗೆ ಬರುತ್ತದೆ. ಕಡಲೆಕಾಯಿ, ಗೋಡಂಬಿ ಯಾವತ್ತೂ ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿಯೇ ಕೊಡಬೇಕು. 5 ವರ್ಷದೊಳಗೆ ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎಕ್ಸಿಮಾ ತೀವ್ರವಾಗಿದ್ದರೆ, ಮೊಟ್ಟೆ ಅಲರ್ಜಿ ಈಗಾಗಲೇ ಇದ್ದರೆ, ಮೊದಲ ಕಡಲೆಕಾಯಿಗೆ ಮುನ್ನ ಡಾಕ್ಟರನ್ನು ಕೇಳಿ. ಅನ್ನಪ್ರಾಶನ ಈ ನಡುವೆ ಬಂದರೆ ಹಾಲು ಗೋಡಂಬಿಯ ಪಾಯಸದ ಬದಲು ಅನ್ನ ಬೆಲ್ಲವೂ ಆಗುತ್ತದೆ.

"ಹಸುವಿನ ಹಾಲು ಆಗಲ್ಲ ಅಂದ್ರೆ ಆಡಿನ ಹಾಲು ಕೊಡಿ ಅಂತಾರೆ."

ಕೊಡಬೇಡಿ. ಹಸು, ಎಮ್ಮೆ, ಆಡಿನ ಹಾಲಿನ ಪ್ರೋಟೀನುಗಳು ಎಷ್ಟು ಹೋಲುತ್ತವೆ ಎಂದರೆ, ಹಸುವಿನ ಹಾಲಿನ ಅಲರ್ಜಿ ಇರುವ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಆಡಿನ ಹಾಲೂ ಆಗದು. ಲ್ಯಾಕ್ಟೋಸ್ ಇಲ್ಲದ ಹಾಲೂ ಪರಿಹಾರವಲ್ಲ, ಅದರಲ್ಲಿ ಸಕ್ಕರೆ ಅಂಶ ಬದಲಾಗಿದೆ, ಪ್ರೋಟೀನ್ ಹಾಗೇ ಇದೆ. ತುಪ್ಪದಲ್ಲೂ ಚೂರು ಹಾಲಿನ ಪ್ರೋಟೀನ್ ಉಳಿದಿರುತ್ತದೆ. ಬಾದಾಮಿ ಹಾಲು, ಅಕ್ಕಿ ಹಾಲು ಶಿಶುವಿಗೆ ಹಾಲಿನ ಬದಲಿ ಆಗಲಾರವು. ಎದೆಹಾಲು ಸಾಲದಿದ್ದರೆ ಪ್ರೋಟೀನನ್ನು ಸಣ್ಣಗೆ ಒಡೆದು ತಯಾರಿಸಿದ ವಿಶೇಷ ಪುಡಿಯನ್ನು ಡಾಕ್ಟರು ಬರೆದುಕೊಡುತ್ತಾರೆ. ದುಬಾರಿ, ರುಚಿ ಕಹಿ. ಆರು ತಿಂಗಳು ದಾಟಿದ ಕೆಲವು ಮಕ್ಕಳಿಗೆ ಸೋಯಾ ಪುಡಿ ಹೇಳಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಆದ್ದರಿಂದ ರಾಗಿ ಮಣ್ಣಿ ಒಳ್ಳೆಯ ಜೊತೆ. ಹಾಲಿನ ಜಾಗವನ್ನು ಅದೊಂದೇ ತುಂಬಲಾರದು.

"ನಾನು ತಿನ್ನೋದೆಲ್ಲ ಬಿಡ್ಬೇಕಾ? ಎದೆಹಾಲು ನಿಲ್ಸು ಅಂತಿದಾರೆ."

ಎದೆಹಾಲು ನಿಲ್ಲಿಸಬೇಡಿ. ನೀವು ತಿಂದದ್ದರಿಂದ ಮಗುವಿಗೆ ಲಕ್ಷಣ ಬರುತ್ತಿದೆ ಎಂದು ಡಾಕ್ಟರಿಗೆ ಅನ್ನಿಸಿದರೆ ಮಾತ್ರ ಆ ಒಂದು ಆಹಾರವನ್ನು 2ರಿಂದ 4 ವಾರ ಬಿಡಿಸಿ, ಮತ್ತೆ ತಿನ್ನಿಸಿ ನೋಡುತ್ತಾರೆ. ಮತ್ತೆ ತಿಂದು ನೋಡುವ ಹಂತವನ್ನು ಬಿಟ್ಟರೆ ಏನೂ ಸಾಬೀತಾಗುವುದಿಲ್ಲ. ಹಾಲು ಮೊಸರು ಬಿಟ್ಟ ತಾಯಿಗೆ ಕ್ಯಾಲ್ಸಿಯಂ ಮಾತ್ರೆ ಬೇಕು. ಬಾಣಂತಿ ಪಥ್ಯದ ಮೇಲೆ ಇನ್ನೊಂದು ಪಥ್ಯ ಹೇರಿಕೊಂಡು ಸೊರಗಬೇಡಿ.

## ಆಸ್ಪತ್ರೆಯ ದಿನ

"ಚೀಲದಲ್ಲಿ ಏನೇನ್ ಇರ್ಬೇಕು?"

ತಾಯಿ ಕಾರ್ಡ್, ಹಳೆಯ ಚೀಟಿಗಳು, ತೂಕದ ದಾಖಲೆ, ಆಯುಷ್ಮಾನ್ ಕಾರ್ಡ್ ಇದ್ದರೆ ಅದು, ಬರೆದಿಟ್ಟ ಪುಸ್ತಕ, ಔಷಧಿ ಬಾಟಲಿಗಳು, ಅನುಮಾನದ ಡಬ್ಬಿ ಆಹಾರದ ಲೇಬಲ್. ಆಸ್ಪತ್ರೆಯವರು ಹೇಳಿದ್ದರೆ ಅನುಮಾನದ ಆಹಾರವನ್ನೇ ಸಣ್ಣ ಡಬ್ಬಿಯಲ್ಲಿ ತನ್ನಿ. ಕೆಲವಕ್ಕೆ ಸಿದ್ಧ ದ್ರಾವಣ ಇರುವುದಿಲ್ಲ, ಸೂಜಿಯನ್ನು ಮೊದಲು ಆಹಾರಕ್ಕೆ, ಆಮೇಲೆ ಚರ್ಮಕ್ಕೆ ತಾಗಿಸಿ ನೋಡುತ್ತಾರೆ. ಒಂದೊಂದಕ್ಕೂ ಬೇರೆ ಡಬ್ಬಿ, ಬೇರೆ ಚಮಚ. ಪಾಪುವಿನ ಊಟ ಇನ್ನೊಂದು ಚೀಲದಲ್ಲಿ. ಮುಂದೆ ಗುಂಡಿ ಇರುವ ಸಡಿಲ ಅಂಗಿ, ಎರಡು ಜೊತೆ ಬದಲಿ ಬಟ್ಟೆ. ದೊಡ್ಡವರು ಇಬ್ಬರು ಬೇಕು: ಒಬ್ಬರು ಮಗು ಹಿಡಿಯಲು, ಒಬ್ಬರು ಡಾಕ್ಟರ ಮಾತು ಕೇಳಿ ಬರೆದುಕೊಳ್ಳಲು. ಮಗುವಿಗೆ ದಿನವೂ ತಿನ್ನಿಸುವವರು ಅಜ್ಜಿಯಾದರೆ ಅವರೇ ಬರುವುದು ಮೇಲು.

ಆಗುಂಬೆಯ 14 ತಿರುವು ಇಳಿಯುವ ಮುಂಚೆ ಹೊಟ್ಟೆ ತುಂಬ ಕುಡಿಸಬೇಡಿ. ದಾರಿಯಲ್ಲಿ ಕಕ್ಕಿದರೆ ಸಮಯ ಬರೆದಿಡಿ, ಅಲರ್ಜಿಯೊಂದಿಗೆ ಗೊಂದಲವಾಗಬಾರದು. ಆಷಾಢ ಶ್ರಾವಣದಲ್ಲಾದರೆ ಘಾಟಿ ತೆರೆದಿದೆಯೇ ಎಂದು ಹಿಂದಿನ ರಾತ್ರಿಯೇ ವಿಚಾರಿಸಿ.

"ಚುಚ್ಚೋ ಪರೀಕ್ಷೆ ಅಂದ್ರೆ ತುಂಬಾ ನೋವಾಗುತ್ತಾ?"

ರಕ್ತ ಬರುವಷ್ಟು ಚುಚ್ಚುವುದಿಲ್ಲ. ಮುಂಗೈ ಅಥವಾ ಬೆನ್ನಿನ ಮೇಲೆ ಒಂದೊಂದು ಹನಿ ಇಟ್ಟು, ಪುಟ್ಟ ಮೊನೆಯಿಂದ ಚರ್ಮದ ಮೇಲ್ಪದರವನ್ನು ಮಾತ್ರ ಗೀರುತ್ತಾರೆ. 15ರಿಂದ 20 ನಿಮಿಷ ಕಾದು ಎದ್ದ ಗುಳ್ಳೆಯನ್ನು ಅಳೆಯುತ್ತಾರೆ. ಹೋಲಿಕೆಗೆ ಒಂದು ಹಿಸ್ಟಮೈನ್ ಹನಿ, ಒಂದು ಬರೀ ಉಪ್ಪುನೀರು. ಉಪ್ಪುನೀರಿನ ಗುಳ್ಳೆಗಿಂತ 3 ಮಿಲಿಮೀಟರ್ ಅಥವಾ ಹೆಚ್ಚು ದೊಡ್ಡದಾದರೆ ಪಾಸಿಟಿವ್. ಹಿಸ್ಟಮೈನಿಗೂ ಏನೂ ಏಳದಿದ್ದರೆ ಔಷಧಿ ಇನ್ನೂ ಮೈಯಲ್ಲಿದೆ ಎಂದರ್ಥ. ಆ 15 ನಿಮಿಷ ಮಗು ಕೆರೆದುಕೊಳ್ಳದಂತೆ ಕೈ ಹಿಡಿಯುವುದೇ ಕಷ್ಟದ ಕೆಲಸ. ಎದೆಹಾಲು ಕುಡಿಸುತ್ತಾ ಕೂತರೆ ಇಬ್ಬರಿಗೂ ಸಮಾಧಾನ.

"ಹೊರಡೋ ದಿನವೇ ಜ್ವರ ಬಂದಿದೆ."

ಫೋನ್ ಮಾಡಿ. ಮಾತಿನ ಭೇಟಿಗಷ್ಟೇ ಆದರೆ ಹೋಗಬಹುದು. ಜ್ವರ, ಉಬ್ಬಸ ಇರುವಾಗ ಚರ್ಮದ ಪರೀಕ್ಷೆ, ತಿನ್ನಿಸುವ ಪರೀಕ್ಷೆ ಮುಂದೆ ಹೋಗುತ್ತವೆ.

## ರಿಪೋರ್ಟು ಕೈಗೆ ಬಂದ ಮೇಲೆ

"ರಕ್ತದಲ್ಲಿ ಗೋಧಿ ಪಾಸಿಟಿವ್ ಬಂದಿದೆ. ಆದ್ರೆ ಪಾಪು ದಿನಾ ಚಪಾತಿ ತಿನ್ನುತ್ತೆ!"

ಹಾಗಾದರೆ ಚಪಾತಿ ಮುಂದುವರಿಸಿ, ರಿಪೋರ್ಟನ್ನು ಡಾಕ್ಟರಿಗೆ ತೋರಿಸಿ. ಪಾಸಿಟಿವ್ ಎಂದರೆ ಆ ಆಹಾರದ ವಿರುದ್ಧ ಐಜಿಇ ತಯಾರಾಗಿದೆ ಎಂದಷ್ಟೇ. ತಿಂದಾಗ ತೊಂದರೆ ಬಂದರೆ ಮಾತ್ರ ಅದು ಅಲರ್ಜಿ. ಸಾಮಾನ್ಯ ಗಡಿ 0.35. ಅದಕ್ಕಿಂತ ತುಸು ಮೇಲಿನ ಅಂಕಿಗಳು ಎಕ್ಸಿಮಾ ಇರುವ ಮಕ್ಕಳಲ್ಲಿ ಹತ್ತಾರು ಆಹಾರಕ್ಕೆ ಬರುತ್ತವೆ. ಅಂಕಿ ದೊಡ್ಡದಾದಷ್ಟೂ ಅಲರ್ಜಿ ಇರುವ ಸಾಧ್ಯತೆ ಹೆಚ್ಚು, ಮುಂದಿನ ಪ್ರತಿಕ್ರಿಯೆ ಎಷ್ಟು ಜೋರಾಗಿ ಬರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅರಗುತ್ತಿದ್ದ ಆಹಾರವನ್ನು ತಿಂಗಳುಗಟ್ಟಲೆ ಬಿಡಿಸಿದರೆ, ಮತ್ತೆ ಕೊಟ್ಟಾಗ ನಿಜವಾದ ಅಲರ್ಜಿಯೇ ಬಂದ ಉದಾಹರಣೆಗಳಿವೆ.

"ಒಂದೇ ಸಲ ಇನ್ನೂರು ಆಹಾರ ಪರೀಕ್ಷೆ ಮಾಡ್ತೀವಿ ಅಂತ ಲ್ಯಾಬಿನವ್ರು ಹೇಳ್ತಿದಾರೆ."

ದುಡ್ಡು ಉಳಿಸಿ. ಅವು ಹೆಚ್ಚಾಗಿ ಐಜಿಜಿ ಪರೀಕ್ಷೆಗಳು, ಐಜಿಇ ಅಲ್ಲದ ಬೇರೊಂದು ಪ್ರತಿಕಾಯದವು. ಐಜಿಜಿ ಇದ್ದರೆ ಆ ಆಹಾರವನ್ನು ತಿಂದಿದ್ದೀರಿ ಎಂದರ್ಥ, ಅಲರ್ಜಿ ಎಂದಲ್ಲ. ಕೂದಲಿನ ಪರೀಕ್ಷೆಯೂ ಅಷ್ಟೇ ನಿರುಪಯೋಗಿ. ಒಟ್ಟು ಐಜಿಇ ಅಂಕಿ ಯಾವ ಆಹಾರ ಆಗದು ಎಂದು ತಿಳಿಸುವುದಿಲ್ಲ.

"ಎಲ್ಲಾ ನೆಗೆಟಿವ್. ಆದ್ರೆ ಗಂಜಿ ಕುಡಿದು ಎರಡು ಗಂಟೆಗೆ ಹತ್ತು ಸಲ ವಾಂತಿ ಮಾಡಿ ಸೋತು ಮಲಗಿಬಿಡ್ತು, ಎರಡು ಸಲ ಹೀಗೇ ಆಯ್ತು."

ಇದನ್ನು ಹೀಗೇ, ಇದೇ ಮಾತಿನಲ್ಲಿ ಹೇಳಿ. ತಿಂದ 1ರಿಂದ 4 ಗಂಟೆಗೆ ಮೇಲಿಂದ ಮೇಲೆ ವಾಂತಿ, ಬಿಳಿಚಿದ ಮೈ, ಸೋಲು, ಆಮೇಲೆ ಕೆಲವೊಮ್ಮೆ ಭೇದಿ: ಇದು ಎಫ್‌ಪೈಸ್ ಎಂಬ ತಡವಾದ ಅಲರ್ಜಿ ಇರಬಹುದು. ಗಂಧೆ ಇರುವುದಿಲ್ಲ, ಚರ್ಮದ ಮತ್ತು ರಕ್ತದ ಪರೀಕ್ಷೆಗಳು ಸಾಮಾನ್ಯವಾಗಿ ನೆಗೆಟಿವ್. ಹಾಲು, ಸೋಯಾ, ಅಕ್ಕಿಯೂ ಕಾರಣವಾಗಬಲ್ಲವು. ಅಕ್ಕಿಯೇ ಅನ್ನವಾಗಿರುವ ನಾಡಿನಲ್ಲಿ ಅದರ ಮೇಲೆ ಯಾರೂ ಅನುಮಾನ ಪಡುವುದಿಲ್ಲ, ಹೊಟ್ಟೆಗೆ ನಂಜಾಗಿದೆ ಎಂದು ಮತ್ತದೇ ಗಂಜಿಯನ್ನು ಕೊಡುತ್ತೇವೆ. ಅಲರ್ಜಿ ಸಿರಪ್ ಇದಕ್ಕೆ ಕೆಲಸ ಮಾಡದು, ಮೈಯಿಂದ ಹೋದ ನೀರನ್ನು ತುಂಬಬೇಕು. ಮಗು ಮಂಕಾಗಿದ್ದರೆ ಡ್ರಿಪ್ ಬೇಕಾಗುತ್ತದೆ, ಅದಕ್ಕೆ ಆಸ್ಪತ್ರೆಯೇ ಸರಿ.

"ಆಸ್ಪತ್ರೇಲೇ ಕೂರಿಸಿ ತಿನ್ನಿಸಿ ನೋಡ್ತೀವಿ ಅಂದ್ರು. ಭಯ ಆಗುತ್ತೆ."

ಅನುಮಾನ ಬಗೆಹರಿಸಲು ಅದಕ್ಕಿಂತ ಖಚಿತವಾದ ದಾರಿ ಇಲ್ಲ. ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ 15ರಿಂದ 30 ನಿಮಿಷಕ್ಕೊಮ್ಮೆ ಏರಿಸುತ್ತಾ, ಆ ವಯಸ್ಸಿನ ಒಂದು ಹೊತ್ತಿನ ಊಟದಷ್ಟಕ್ಕೆ ತರುತ್ತಾರೆ. ಅಡ್ರಿನಲಿನ್ ಪಕ್ಕದಲ್ಲೇ ಸಿದ್ಧವಿರುತ್ತದೆ. ಕೊನೆಯ ತುತ್ತಿನ ಮೇಲೆ ಒಂದೆರಡು ಗಂಟೆ ಕಾಯಬೇಕು, ಅಂದರೆ ಅರ್ಧ ದಿನ ಹೋಯಿತು. ಸಂಜೆಯ ಕೊನೆ ಬಸ್ಸು ನಂಬಿಕೊಂಡು ಹೋಗಬೇಡಿ, ರಾತ್ರಿ ಹತ್ತಿರದಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿ. ತಿಂದು ದಕ್ಕಿದರೆ ಮನೆಗೆ ಬಂದ ಮೇಲೆ ಆ ಆಹಾರವನ್ನು ವಾರಕ್ಕೆ ಎರಡು ಮೂರು ಸಲವಾದರೂ ಕೊಡುತ್ತಿರಬೇಕು.

"ಮೊಟ್ಟೆ ಅಲರ್ಜಿ ಇದ್ರೆ ಒಂಬತ್ತು ತಿಂಗಳ ಚುಚ್ಚುಮದ್ದು ಹಾಕಿಸಬಾರ್ದಂತೆ?"

ದಡಾರ-ರುಬೆಲ್ಲಾ ಲಸಿಕೆ ಹಾಕಿಸಬಹುದು, ಹಾಕಿಸಲೇಬೇಕು. ಮೊಟ್ಟೆ ಅಲರ್ಜಿ ಅದಕ್ಕೆ ಅಡ್ಡಿಯಲ್ಲ. ಲಸಿಕೆ ಹಾಕುವವರಿಗೆ ವಿಷಯ ತಿಳಿಸಿ, ನಂತರ ಅರ್ಧ ಗಂಟೆ ಅಲ್ಲೇ ಕೂತಿರಿ.

"ಇದು ಜೀವನಪೂರ್ತಿ ಇರುತ್ತಾ?"

ಹಾಲು, ಮೊಟ್ಟೆ, ಗೋಧಿಯ ಅಲರ್ಜಿ ಹೆಚ್ಚಿನ ಮಕ್ಕಳಿಗೆ ಅವರು ದೊಡ್ಡವರಾದಂತೆ ವಾಸಿಯಾಗುತ್ತದೆ. ಕಡಲೆಕಾಯಿಯದು ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ. ಗೋಡಂಬಿ, ಮೀನು, ಸೀಗಡಿ ಏಡಿಯದು ಉಳಿಯುವ ಸಾಧ್ಯತೆ ಹೆಚ್ಚು. ಅದಕ್ಕೇ 6ರಿಂದ 12 ತಿಂಗಳಿಗೊಮ್ಮೆ ಮರುಭೇಟಿ ಇರುತ್ತದೆ. ಸುಮ್ಮನೆ ಪಥ್ಯ ಮುಂದುವರಿಸಿಕೊಂಡು ವರ್ಷಗಟ್ಟಲೆ ಹೋಗದೇ ಇರಬೇಡಿ.

"ಪೊಟ್ಟಣದ ಮೇಲೆ ಏನ್ ನೋಡ್ಬೇಕು? ಅಂಗನವಾಡಿ ಪುಷ್ಟಿ ಕೊಡಬಹುದಾ?"

ಸಾಮಾನುಗಳ ಪಟ್ಟಿ ಓದಿ. 2020ರ ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮದಂತೆ ಹಾಲು, ಮೊಟ್ಟೆ, ಮೀನು, ಸೀಗಡಿ ಜಾತಿ, ಕಡಲೆಕಾಯಿ ಮತ್ತು ಗೋಡಂಬಿಯಂಥ ಬೀಜಗಳು, ಸೋಯಾ, ಗ್ಲುಟೆನ್ ಇರುವ ಧಾನ್ಯಗಳನ್ನು ಬೇರೆಯಾಗಿ ನಮೂದಿಸಬೇಕು. ಎಳ್ಳು ಆ ಪಟ್ಟಿಯಲ್ಲಿಲ್ಲ, ಅದನ್ನು ನೀವೇ ಹುಡುಕಬೇಕು. ಕೇಸಿನ್, ವೇ ಎಂದಿದ್ದರೆ ಅದು ಹಾಲೇ. ಪುಷ್ಟಿಯ ಪೊಟ್ಟಣದ ಪಟ್ಟಿಯನ್ನೂ ಹೀಗೇ ಓದಿ, ಅಲರ್ಜಿಯ ವಿಷಯವನ್ನು ಅಂಗನವಾಡಿ ಕಾರ್ಯಕರ್ತೆಗೆ ಬರಹದಲ್ಲಿ ಕೊಡಿ. ಬೇಕರಿಯದು, ಸಂತೆಯದು, ಮದುವೆ ಮನೆಯದು ಲೇಬಲ್ ಇಲ್ಲದ ತಿಂಡಿಗಳು, ಅಲ್ಲಿ ಕೇಳಿ ತಿಳಿಯದಿದ್ದರೆ ಕೊಡದಿರುವುದೇ ದಾರಿ.

"ಮಳೆಗಾಲದಲ್ಲಿ ನಮ್ಮೂರಿಂದ ಆಸ್ಪತ್ರೆಗೆ ಎರಡು ಗಂಟೆ. ಅಡ್ರಿನಲಿನ್ ಮನೇಲಿ ಇಟ್ಕೋಬಹುದಾ?"

ತೀವ್ರ ಪ್ರತಿಕ್ರಿಯೆ ಒಮ್ಮೆ ಬಂದಿದ್ದರೆ ಈ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ, ಊರಿನ ದೂರ ಹೇಳಿ ಕೇಳಿ. ತೊಡೆಗೆ ಒತ್ತಿದರೆ ತಾನೇ ಚುಚ್ಚುವ ಪೆನ್ನು ನಮ್ಮ ಕಡೆಯ ಮೆಡಿಕಲ್ ಶಾಪುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬದಲಿಗೆ ಕೆಲವು ಡಾಕ್ಟರು 1 ಮಿಲಿಯ ಆಂಪೂಲ್ ಮತ್ತು ಸಿರಿಂಜ್ ಬರೆದುಕೊಟ್ಟು ಕಲಿಸುತ್ತಾರೆ. ಪ್ರಮಾಣ ಕೆಜಿಗೆ 0.01 ಮಿಲಿಗ್ರಾಂ. ಒಂದು ಮಿಲಿಯಲ್ಲಿ 1 ಮಿಲಿಗ್ರಾಂ ಇರುವ ಆಂಪೂಲಾದರೆ 8 ಕೆಜಿ ಪಾಪುವಿಗೆ ಬರುವುದು 0.08 ಮಿಲಿ. ಗಾಬರಿಯಲ್ಲಿ ಇದು 0.8 ಆಗಿಬಿಟ್ಟರೆ ಹತ್ತು ಪಟ್ಟು. ಆದ್ದರಿಂದ ನೂರನೇ ಒಂದರ ಗೀಟುಗಳಿರುವ 1 ಮಿಲಿ ಸಿರಿಂಜನ್ನೇ ಕೇಳಿ, ಎಲ್ಲಿಯವರೆಗೆ ಎಳೆಯಬೇಕೆಂದು ಡಾಕ್ಟರ ಕೈಯಲ್ಲೇ ಗುರುತು ಹಾಕಿಸಿಕೊಳ್ಳಿ, ಮನೆಯ ಇಬ್ಬರು ಅವರ ಎದುರಿಗೆ ನೀರಿನಲ್ಲಿ ಅಭ್ಯಾಸ ಮಾಡಿ. ತೂಕ ಏರಿದ ಹಾಗೆ ಗುರುತೂ ಬದಲಾಗಬೇಕು.

ಚುಚ್ಚುವ ಜಾಗ ತೊಡೆಯ ಹೊರಮಗ್ಗುಲಿನ ನಡುಭಾಗದ ಸ್ನಾಯು. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು ಬೇಕಾಗಬಹುದು, ಹಾಗಾಗಿ ಆಂಪೂಲ್ ಎರಡಿರಲಿ. ಫ್ರಿಜ್ಜಿನಲ್ಲಿ ಇಡಬೇಡಿ, ಒಲೆಯ ಮೇಲಿನ ಅಟ್ಟದಲ್ಲೂ ಬೇಡ. ಬೆಳಕು ಬೀಳದ ತಂಪು ಜಾಗದ ಡಬ್ಬಿಯಲ್ಲಿ, ಪ್ರಮಾಣ ಬರೆದ ಚೀಟಿಯ ಜೊತೆ ಇಟ್ಟು, ಮನೆಯವರಿಗೆಲ್ಲ ಜಾಗ ತೋರಿಸಿ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದ್ದರೆ, ಅವಧಿ ಮುಗಿದಿದ್ದರೆ ಹೊಸದು ತನ್ನಿ. ಚುಚ್ಚಿದ ಮೇಲೆ ಮಗು ನಗುತ್ತಿದ್ದರೂ ಆಸ್ಪತ್ರೆಗೆ ಹೊರಡಲೇಬೇಕು. ಔಷಧಿಯ ಪ್ರಭಾವ ಇಳಿದಾಗ ಪ್ರತಿಕ್ರಿಯೆ ಎರಡನೇ ಸಲ ಮರಳಬಹುದು, ಅದು ಕೆಲವು ಗಂಟೆ ಬಿಟ್ಟೂ ಬರುತ್ತದೆ.